ಕೋದಂಡ ಹೋದ ಮೇಲೆ

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯ ಹೊಯ್ಸಳರ ಕಾಲದ್ದು. ಗರ್ಭಗೃಹಗಳು ಐದು, ಅವನ್ನು ಕೂಡಿಸುವ ಮಂಟಪ ಒಂದೇ. ಅಲ್ಲಿ ನಿಂತಾಗಲೆಲ್ಲ ನಮ್ಮ ಪಾಠಶಾಲೆಗಳು ನನಗೆ ನೆನಪಾಗುತ್ತವೆ: ಕೊಠಡಿ ಒಂದೇ, ಮಕ್ಕಳೋ ಒಬ್ಬರಂತೊಬ್ಬರಿಲ್ಲ.

ಕೂಲಿಮಠದ ಅಯ್ಯಗಳಿಗೂ ಈ ಭೇದ ತಿಳಿದಿತ್ತು. ಆದರೆ ಅವರ ಮದ್ದು ಒಂದೇ: ಹಟಮಾರಿಗೆ ಬೆತ್ತ, ಅದಕ್ಕೂ ಬಗ್ಗದವನಿಗೆ ಕೋದಂಡ. ತೊಲೆಯ ಹಗ್ಗ ಹಿಡಿದು ಜೋತಾಡುವ ಹುಡುಗ ಮೊದಲು ಏಕೆ ಚೀರಿದನೆಂದು ಕೇಳಿದವರಿಲ್ಲ.

ಕಾಲ ಬದಲಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಇಂದಿನ ನಿಮ್ಹಾನ್ಸಿನ ಮೂಲಗಳಲ್ಲಿ ಅದೂ ಒಂದು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ವಿಶೇಷ ಶಿಕ್ಷಕರ ತರಬೇತಿಗೆ ಕಟ್ಟುಪಾಡು ತಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು.

ಈಗ ವಿಶೇಷ ಶಾಲೆಗಳಲ್ಲಿ, ಆರೈಕೆಯ ಮನೆಗಳಲ್ಲಿ ಮಗುವಿನ ಪಕ್ಕದಲ್ಲೇ ಕೂರುವ ಸಹಾಯಕರನ್ನು ಕಾಣಬಹುದು. ಮಗು ಕೆರಳುವ ಮುನ್ನ ಏನಾಯಿತು, ಅದು ಏನು ಮಾಡಿತು, ಆ ಬಳಿಕ ಅದಕ್ಕೇನು ದೊರೆಯಿತು, ಈ ಮೂರನ್ನೂ ಅವರು ಬರೆದಿಡುತ್ತಾರೆ. ಗದ್ದಲವೇ ಕಾರಣವಾದರೆ ಸದ್ದಿಲ್ಲದ ಮೂಲೆ; ಮಾತು ಬಾರದುದೇ ಕಾರಣವಾದರೆ ಚಿತ್ರ ತೋರಿಸಿ ಕೇಳುವ ಅಭ್ಯಾಸ.

ನಾನೂ ಒಮ್ಮೆ ಒಬ್ಬ ವಿದ್ಯಾರ್ಥಿಯನ್ನು ಉದ್ಧಟನೆಂದು ತರಗತಿಯಿಂದ ಹೊರಗಟ್ಟಿದ್ದುಂಟು, ಕಾರಣ ಕೇಳಲಿಲ್ಲ. ಅವನು ಮತ್ತೆ ಬರಲೂ ಇಲ್ಲ. ಬೆತ್ತವನ್ನು ಕಾಯಿದೆ ಕಸಿದುಕೊಳ್ಳಬಲ್ಲುದು. ಕೇಳುವ ತಾಳ್ಮೆಯನ್ನು ಮಾತ್ರ ನಾವೇ ಕಲಿಯಬೇಕು.