ಕೆಂಪು ಕಾಣದ ಕಣ್ಣು: ಗದಗ ಸೀಮೆಯ ಹಳೆಯ ಕ್ಯಾಮೆರಾಗಳು ಮತ್ತು ಛಾಯಾಚಿತ್ರಗಳ ಓದು

ಪ್ರಾದೇಶಿಕ ಚರಿತ್ರೆಯ ರಚನೆಯಲ್ಲಿ ಶಾಸನ, ಕಡತ, ಕೈಫಿಯತ್ತು ಹಾಗೂ ಮೌಖಿಕ ಪರಂಪರೆಗಳಿಗೆ ದೊರೆತಿರುವ ಆಕರದ ಮಾನ್ಯತೆ ಛಾಯಾಚಿತ್ರಕ್ಕೆ ಇನ್ನೂ ದೊರೆತಿಲ್ಲ. ನಮ್ಮ ಸಂಶೋಧನ ಗ್ರಂಥಗಳಲ್ಲಿ ಅದು ಸಾಮಾನ್ಯವಾಗಿ ಕೊನೆಯ ಪುಟಗಳ ಅನುಬಂಧವಾಗಿ ಬರುತ್ತದೆ. ಅದನ್ನು ನೋಡುತ್ತೇವೆಯೇ ಹೊರತು ಓದುವುದಿಲ್ಲ. ಅದೇ ರೀತಿ ಹಳೆಯ ಕ್ಯಾಮೆರಾ, ಹಳೆಯ ಮಸೂರ ಮತ್ತು ಫಿಲ್ಮ್ ಸುರುಳಿಗಳನ್ನು ಬಳಸಿ ಚಿತ್ರ ತೆಗೆಯುವುದನ್ನು ನಾಣ್ಯ, ಅಂಚೆಚೀಟಿಗಳ ಸಂಗ್ರಹದಂಥ ಒಂದು ಹವ್ಯಾಸವೆಂದು ಪರಿಗಣಿಸಿ ವಿದ್ವಾಂಸರು ಸುಮ್ಮನಾಗುತ್ತಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪರಿಸರದ ಹಳೆಯ ಛಾಯಾಚಿತ್ರಗಳನ್ನು ಆಕರವಾಗಿ ಬಳಸುವವರಿಗೆ ಈ ಹವ್ಯಾಸವೇ ಮೊದಲ ಪಾಠಶಾಲೆ ಎಂಬುದು ನನ್ನ ಅನುಭವ. ಆ ಅನುಭವದ ಹಿಂದೆ ನಾನೇ ಮಾಡಿದ ಒಂದು ತಪ್ಪಿದೆ. ಅದನ್ನು ಹೇಳುವ ಮೊದಲು ಈ ಸೀಮೆಗೆ ಕ್ಯಾಮೆರಾ ಬಂದ ಬಗೆಯನ್ನು ಗಮನಿಸುವುದು ಅವಶ್ಯ.

ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು 19ನೆಯ ಶತಮಾನದಲ್ಲಿ ಒಂದೇ ಆಡಳಿತದಲ್ಲಿರಲಿಲ್ಲ. ಗದಗ, ಮುಂಡರಗಿಗಳು ಮುಂಬಯಿ ಸರಕಾರದ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಕ್ಯಾಮೆರಾ ಮೊದಲು ಬಂದದ್ದು ಕಂಪನಿ ಸರಕಾರದ ದಾರಿಯಿಂದ. ಪ್ರಾಚೀನ ಕಟ್ಟಡಗಳನ್ನು ಚಿತ್ರಕಾರರಿಂದ ಬರೆಯಿಸುವುದಕ್ಕೆ ಬದಲಾಗಿ ಛಾಯಾಗ್ರಹಣದಿಂದ ದಾಖಲಿಸಬೇಕೆಂಬ ವಿಚಾರ 1850ರ ದಶಕದ ಮಧ್ಯದಲ್ಲಿ ಬಲಗೊಂಡಿತು. ಮುಂಬಯಿಯ ಛಾಯಾಗ್ರಹಣ ಸಂಘ ಹುಟ್ಟಿದ್ದು 1854ರಲ್ಲಿ. ಮರುವರ್ಷವೇ ಮುಂಬಯಿಯ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್ ಸರಕಾರಿ ಛಾಯಾಗ್ರಾಹಕರಾಗಿ ನೇಮಕಗೊಂಡು ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಡೆ ಸಂಚರಿಸಿದರು. 1855ರ ಕೊನೆಗೆ ಅವರು ಸೈನ್ಯದ ಸೇವೆಗೆ ಮರಳಬೇಕಾಗಿ ಬಂದು, ಆ ಸ್ಥಾನಕ್ಕೆ ಮುಂಬಯಿ ವೈದ್ಯಕೀಯ ಸೇವೆಯ ಡಾ. ವಿಲಿಯಂ ಹೆನ್ರಿ ಪಿಗೌ ಬಂದರು. ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಗುಡಿಗಳು, ಇಂದಿನ ಮುಂಡರಗಿ ತಾಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿ ಇವು ಮೊದಲ ಬಾರಿಗೆ ಛಾಯಾಚಿತ್ರಗಳಾದದ್ದು ಈ ಕೆಲವೇ ವರ್ಷಗಳಲ್ಲಿ. ಬಿಗ್ಸ್, ಪಿಗೌ ಹಾಗೂ ಎ.ಸಿ.ಬಿ. ನೀಲ್ ತೆಗೆದ ಚಿತ್ರಗಳನ್ನು ಕೂಡಿಸಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪ ಕುರಿತ ಬೃಹತ್ ಸಂಪುಟವೊಂದನ್ನು ಲಂಡನ್ನಿನ ಜಾನ್ ಮರ್ರೆ ಪ್ರಕಾಶನ 1866ರಲ್ಲಿ ಹೊರತಂದಿತು. ಚರಿತ್ರೆಯ ಭಾಗವನ್ನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿಗಳನ್ನು ಜೇಮ್ಸ್ ಫರ್ಗ್ಯುಸನ್ ಬರೆದರು. ಆ ವೇಳೆಗೆ ಪಿಗೌ ತೀರಿಕೊಂಡಿದ್ದರು.

ಈ ಚಿತ್ರಗಳ ಹಿಂದಿನ ವಿಧಾನ ತಿಳಿಯದೆ ಅವುಗಳನ್ನು ಓದಲಾಗದು. ಟಾಲ್ಬಟ್ 1841ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ವಿಧಾನದಲ್ಲಿ ಕಾಗದವೇ ನೆಗೆಟಿವ್. ಬೆಳ್ಳಿಯ ಲವಣ ಲೇಪಿಸಿದ ಹಾಳೆಯನ್ನು ಕ್ಯಾಮೆರಾದಲ್ಲಿಟ್ಟು, ಮಸೂರದ ಮುಚ್ಚಳ ತೆಗೆದು, ನಿಮಿಷಗಟ್ಟಲೆ ಕಾಯಬೇಕು. 1851ರಲ್ಲಿ ಬಂದ ಗಾಜಿನ ಒದ್ದೆ ವಿಧಾನ ಇದಕ್ಕಿಂತ ಚುರುಕಾದದ್ದು, ಚಿತ್ರವೂ ಹೆಚ್ಚು ಸ್ಪಷ್ಟ. ಆದರೆ ಲೇಪ ಒಣಗುವ ಮೊದಲೇ ಚಿತ್ರ ತೆಗೆದು ತೊಳೆದುಬಿಡಬೇಕು. ನಮ್ಮ ಬಯಲುಸೀಮೆಯ ಬಿಸಿಲು ಗಾಳಿಗಳಲ್ಲಿ ಡೇರೆ, ಗಾಜು, ರಾಸಾಯನಿಕಗಳನ್ನು ಚಕ್ಕಡಿಯ ಮೇಲೆ ಹೇರಿಕೊಂಡು ಊರೂರು ತಿರುಗುವವರಿಗೆ ಅದು ಸುಲಭವಲ್ಲ. ಮೇಣ ಹಚ್ಚಿದ ಕಾಗದವನ್ನು ದಿನಗಳ ಮುಂಚೆಯೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಾಗಿತ್ತು. ಆದುದರಿಂದ ಈ ದೇಶದಲ್ಲಿ ಕಾಗದವೇ ಕೆಲವು ವರ್ಷ ಹೆಚ್ಚು ಬಳಕೆಯಲ್ಲಿ ಉಳಿಯಿತು.

ಇದರ ಪರಿಣಾಮವೇನು? ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಗುಡಿಯಿದೆ, ಜನರಿಲ್ಲ. ಇರುವಲ್ಲಿಯೂ ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಿದ, ಹೆಸರು ದಾಖಲಾಗದ ಒಬ್ಬಿಬ್ಬರು. ವಸಾಹತುಶಾಹಿ ದೃಷ್ಟಿಯು ಜನರನ್ನು ಹೊರಗಿಟ್ಟು ಅವಶೇಷಗಳನ್ನಷ್ಟೆ ಕಂಡಿತು ಎಂದು ಇದಕ್ಕೆ ಅರ್ಥ ಹೇಳುವುದು ಈಚೆಗೆ ವಾಡಿಕೆಯಾಗಿದೆ. ಆ ವಾದದಲ್ಲಿ ಸತ್ಯವಿಲ್ಲವೆಂದಲ್ಲ. ಪಿಗೌ ಸಂಚಾರದ ಬೆನ್ನಲ್ಲೇ, 1858ರಲ್ಲಿ, ಮುಂಡರಗಿ ಭೀಮರಾಯ ದಂಗೆಯೆದ್ದು ಡಂಬಳದ ಖಜಾನೆಯ ಮೇಲೆ ಬಿದ್ದು, ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. ಆ ಬಿರುಸಿನ ಜನಜೀವನದ ಸುಳಿವೂ ಈ ನಿಶ್ಚಲ ಚಿತ್ರಗಳಲ್ಲಿ ಇಲ್ಲ. ಆದರೆ ಎಲ್ಲ ಗೈರುಹಾಜರಿಯೂ ಧೋರಣೆಯಿಂದ ಆದದ್ದಲ್ಲ. ಕೆಲವಷ್ಟು ಕಾಗದದ ಮಂದಗತಿಯಿಂದ ಆದದ್ದು.

ಇದನ್ನು ನಾನು ಪುಸ್ತಕದಿಂದ ತಿಳಿದಿದ್ದರೂ ಮನಗಂಡದ್ದು ಡಂಬಳದಲ್ಲಿ. ಯಾಶಿಕಾ ಮ್ಯಾಟ್ ಎಂಬ ಎರಡು ಮಸೂರಗಳ ಹಳೆಯ ಕ್ಯಾಮೆರಾವನ್ನು ದೊಡ್ಡಬಸಪ್ಪ ಗುಡಿಯ ಆವರಣದ ಹೊರಗಿನ ಕಟ್ಟೆಯ ಮೇಲಿಟ್ಟು, ಸೂರ್ಯ ಮುಳುಗಿದ ಮೇಲೆ, ಮಸೂರದ ಕಿಂಡಿಯನ್ನು ಪೂರ್ತಿ ಕಿರಿದುಗೊಳಿಸಿ ನಾಲ್ಕು ನಿಮಿಷ ತೆರೆದಿಟ್ಟೆ. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಒಬ್ಬರು ಹೋದರು, ಹುಡುಗರ ಗುಂಪೊಂದು ಸೈಕಲ್ ತುಳಿಯುತ್ತ ಎರಡು ಸಲ ಹಾಯಿತು, ಕೊಡ ಹೊತ್ತವರು ಬಂದರು. ಫಿಲ್ಮ್ ತೊಳೆದು ನೋಡಿದಾಗ ಅವರಾರೂ ಇರಲಿಲ್ಲ. ನಕ್ಷತ್ರಾಕಾರದ ಗೋಡೆಯ ಮೂಲೆಮೂಲೆಯೂ ಮೂಡಿತ್ತು. ಕಟ್ಟೆಯ ತುದಿಗೆ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದ ಹಿರಿಯರೊಬ್ಬರ ಧೋತರ ಮಾತ್ರ ಮಂಜಿನಂತೆ ಉಳಿದಿತ್ತು. ಜನ ತುಂಬಿದ ಊರು ಹಾಳೂರಿನಂತೆ ಕಾಣಲು ನಾಲ್ಕು ನಿಮಿಷ ಸಾಕು.

ಕ್ಯಾಮೆರಾ ಸ್ಥಳೀಯರ ಕೈಗೆ ಬಂದ ಚರಿತ್ರೆ ಇದಕ್ಕಿಂತ ಭಿನ್ನವಾದುದು. ಗದಗಿಗೆ ರೈಲು ಬಂದ 1884ರ ನಂತರ ಹತ್ತಿಯ ವ್ಯಾಪಾರ, ಮುದ್ರಣ, ಕಂಪನಿ ನಾಟಕಗಳು ಬೆಳೆದು, ಇಪ್ಪತ್ತನೆಯ ಶತಮಾನದಲ್ಲಿ ಸ್ಟುಡಿಯೋಗಳಿಗೆ ಬೇಕಾದ ಗಿರಾಕಿಗಳು ಒದಗಿದರು. ಸ್ಟುಡಿಯೋದ ಹಿಂಬದಿಯ ಅರಮನೆ, ಉದ್ಯಾನ, ಕಾರಂಜಿಯ ಪರದೆಯೂ ನಾಟಕದ ಪರದೆಯೂ ಒಂದೇ ಕುಲದವು ಎಂಬುದನ್ನು ಎರಡನ್ನೂ ನೋಡಿದವರು ಒಪ್ಪಿಯಾರು. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಂಥ ಜಾತ್ರೆಗಳಿಗೆ ಸ್ಟುಡಿಯೋವೇ ಡೇರೆ ಹಾಕಿಕೊಂಡು ಬರುತ್ತಿತ್ತು. ರಟ್ಟಿನ ಮೋಟಾರಿನಲ್ಲಿ ಕುಳಿತು ಪಟ ತೆಗೆಸಿಕೊಂಡ ದಂಪತಿಗಳು ಈ ಭಾಗದ ಅನೇಕ ಮನೆಗಳ ಗೋಡೆಯ ಮೇಲಿದ್ದಾರೆ. ಪಟ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ, ಮೂವರು ಕೂಡಿ ತೆಗೆಸಬಾರದು ಎಂಬ ನಂಬಿಕೆಗಳು ಒಂದು ಕಡೆ. ಸತ್ತ ಮೇಲಾದರೂ ಒಂದು ಪಟ ಇರಲಿ ಎಂಬ ಆಸೆ ಇನ್ನೊಂದು ಕಡೆ. ಲಿಂಗಾಯತ ಮನೆತನಗಳಲ್ಲಿ ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿಯೇ ವಿಭೂತಿ ಧರಿಸಿ ಅಲಂಕರಿಸುವುದರಿಂದ, ಮನೆಮಂದಿಯೆಲ್ಲ ಸುತ್ತ ನಿಂತು ತೆಗೆಸಿದ ಕೊನೆಯ ಪಟವೇ ಕೆಲವರ ಏಕೈಕ ಪಟ. ಅಂಥ ಚಿತ್ರಗಳಲ್ಲಿ ತೀರಿಕೊಂಡವರ ಮುಖ ಸ್ಪಷ್ಟವಾಗಿದ್ದು ಬದುಕಿದ್ದವರ ಮುಖಗಳು ಅಲುಗಿರುವುದುಂಟು. ಕಾರಣ ಮೇಲೆ ಹೇಳಿದ್ದೇ.

ಇನ್ನು ನನ್ನ ತಪ್ಪಿನ ವಿಷಯ. ಪಿಎಚ್.ಡಿ. ಪದವಿಗಾಗಿ ಈ ಭಾಗದ ಮದುವೆಯ ಆಚರಣೆಗಳ ಕ್ಷೇತ್ರಕಾರ್ಯ ಮಾಡುವಾಗ ಬೆಟಗೇರಿಯ ನೇಕಾರರ ಮನೆಯೊಂದರಲ್ಲಿ ಹಾಫ್ ಪ್ಲೇಟ್ ಗಾತ್ರದ ಒಂದು ಮದುವೆಯ ಪಟ ದೊರೆಯಿತು. ವರನ ತಲೆಯ ಮೇಲೆ ರುಮಾಲು, ವಧುವಿನ ಮೈಮೇಲೆ ಅಚ್ಚ ಕಪ್ಪು ಸೀರೆ, ಹಣೆಯಲ್ಲಿ ಕಪ್ಪು ಬೊಟ್ಟು. ಕಪ್ಪು ಸೀರೆಯೆಂದರೆ ನಮ್ಮಲ್ಲಿ ಚಂದ್ರಕಾಳಿ. ಅದರ ಮಾತು ಜನಪದರ ಹಾಡುಗಳಲ್ಲಿ ಬೇಕಾದಷ್ಟಿದೆ. ಇಂಥವೇ ಇನ್ನೂ ಮೂರು ಪಟಗಳು ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ಸಿಕ್ಕವು. ಮಂಗಳಕಾರ್ಯದಲ್ಲಿ ಕಪ್ಪು ನಿಷಿದ್ಧವೆಂಬ ಭಾವನೆ ಈ ಸೀಮೆಯಲ್ಲಿ ಈಚಿನದು, ಹಿಂದೆ ಮದುವೆಗೂ ಚಂದ್ರಕಾಳಿ ಉಡುತ್ತಿದ್ದರು ಎಂದು ನಾನು ತೀರ್ಮಾನಿಸಿದೆ. ನಾಲ್ಕು ಛಾಯಾಚಿತ್ರಗಳ ಆಧಾರವಿದ್ದ ವಾದ; ಯಾರೂ ಆಕ್ಷೇಪಿಸಲಿಲ್ಲ.

ಕೆಲವು ವರ್ಷಗಳ ಮೇಲೆ, ಹಳೆಯ ಕ್ಯಾಮೆರಾದ ಗೀಳು ಹತ್ತಿ, ಕತ್ತಲಕೋಣೆಯ ಕೆಲಸ ಕಲಿಯಲೆಂದು ಗದಗಿನ ಹಿರಿಯ ಸ್ಟುಡಿಯೋ ಕೆಲಸಗಾರರೊಬ್ಬರ ಬಳಿ ಹೋಗತೊಡಗಿದೆ. ಮಾತಿನ ನಡುವೆ ಆ ಪಟದ ಪ್ರತಿ ತೋರಿಸಿದಾಗ ಅವರು ನಕ್ಕುಬಿಟ್ಟರು. "ಕೆಂಪು ದೀಪದಾಗ ತೊಳಿಯೂ ಗಾಜಿಗಿ ಕೆಂಪು ಹೆಂಗ ಕಾಣಬೇಕ್ರಿ? ಅದಕ್ಕ ಕೆಂಪಂದ್ರ ಕತ್ತಲಿನ" ಎಂದರು.

ಆ ಒಂದು ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಆರಂಭದ ಕಾಗದ ಹಾಗೂ ಗಾಜಿನ ನೆಗೆಟಿವ್‌ಗಳು ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ಜರ್ಮನಿಯ ವೋಗೆಲ್ 1873ರಲ್ಲಿ ಕಂಡುಕೊಂಡ ಉಪಾಯದಿಂದ ಹಸಿರೂ ಕಾಣುವಂತಾಗಿ ಆರ್ಥೋಕ್ರೊಮ್ಯಾಟಿಕ್ ಫಲಕಗಳು ಬಂದವು. ಕೆಂಪು ಬಣ್ಣ ಅವುಗಳಿಗೂ ಕಾಣದು. ಹಾಗೆಂದೇ ಕತ್ತಲಕೋಣೆಯಲ್ಲಿ ಕೆಂಪು ದೀಪ ಹಚ್ಚಿ ಅವುಗಳನ್ನು ತೊಳೆಯಬಹುದಿತ್ತು. ಎಲ್ಲ ಬಣ್ಣಗಳನ್ನೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬಂದಿದ್ದರೂ ಅದನ್ನು ಪೂರ್ಣ ಕತ್ತಲೆಯಲ್ಲಿ ತಡವರಿಸುತ್ತ ತೊಳೆಯಬೇಕು. ಕಣ್ಣಿನಿಂದ ನೋಡಿ ಹದ ತಿಳಿಯುವ ಕೆಲಸಗಾರರು ಆರ್ಥೋವನ್ನು ಬೇಗ ಬಿಡಲಿಲ್ಲ. ಕೊಡ್ಯಾಕಿನ ಜನಪ್ರಿಯ ವೆರಿಕ್ರೋಮ್ ಫಿಲ್ಮ್ ಕೂಡ 1956ರವರೆಗೆ ಆರ್ಥೋ ಆಗಿಯೇ ಇತ್ತು. ಅಂದರೆ ಆ ಕಾಲದವರೆಗಿನ ನಮ್ಮ ಪಟಗಳಲ್ಲಿ ಕುಂಕುಮ ಕಪ್ಪು, ಇಳಕಲ್ಲಿನ ಕೆಂಪು ಸೆರಗು ಕಪ್ಪು, ಅರಿಸಿನ ಕಂದು. ತಿಳಿನೀಲಿ ಮಾತ್ರ ಬಿಳಿ. ಪಿಗೌ ಕಾಲದ ಚಿತ್ರಗಳಲ್ಲಿ ಆಕಾಶ ಬೋಳಾಗಿರುವುದಕ್ಕೂ, ದೂರದ ಗುಡ್ಡಗಳು ಅದರಲ್ಲಿ ಕರಗಿಹೋಗುವುದಕ್ಕೂ ಇದೇ ಕಾರಣ. ನನ್ನ ವಧು ಉಟ್ಟಿದ್ದುದು ಕೆಂಪು ಸೀರೆ. ಹಣೆಯ ಬೊಟ್ಟು ಕಪ್ಪಾಗಿ ಕಂಡಾಗಲೇ ನನಗೆ ಅನುಮಾನ ಬರಬೇಕಾಗಿತ್ತು. ಆ ಪ್ರಬಂಧದ ಸಂಬಂಧಪಟ್ಟ ವಾದವನ್ನು ನಾನು ಈ ಲೇಖನದ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ಅದನ್ನು ಉಲ್ಲೇಖಿಸಿದವರಿದ್ದರೆ ದಯವಿಟ್ಟು ಗಮನಿಸಬೇಕು.

ಅಂದಿನಿಂದ ಹಳೆಯ ಪಟಗಳ ಎದುರು ಕುಳಿತಾಗ ಮೊದಲು ಕೇಳುವ ಪ್ರಶ್ನೆ ಇದನ್ನು ಯಾವ ಕಣ್ಣು ನೋಡಿತು ಎಂಬುದು. ಬಿಳಿ ರುಮಾಲಿನ ಸುತ್ತ ಪ್ರಭಾವಳಿಯಂಥ ಮಬ್ಬಿದ್ದರೆ ಅದು ಲೇಪವಿಲ್ಲದ ಮಸೂರದ ಲಕ್ಷಣವಿರಬಹುದು. ಪ್ರತಿಫಲನ ತಡೆಯುವ ಲೇಪವನ್ನು ಜರ್ಮನಿಯ ಝೈಸ್ ಕಂಪನಿಯಲ್ಲಿ ಕಂಡುಹಿಡಿದದ್ದು 1935ರಲ್ಲಿ, ಅದು ಸಾಮಾನ್ಯ ಕ್ಯಾಮೆರಾಗಳಿಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ನಡುವೆ ಸ್ಪಷ್ಟವಾಗಿದ್ದು ಅಂಚುಗಳಲ್ಲಿ ಮಸುಕಾದ ಚೌಕ ಚಿತ್ರವಾದರೆ ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಮಾದರಿಯ ಡಬ್ಬಿ ಕ್ಯಾಮೆರಾ ಇರಬಹುದು. 120 ಸುರುಳಿಯಲ್ಲಿ ಹನ್ನೆರಡು ಚಿತ್ರ, ಬಿಸಿಲು ಮತ್ತು ಮೋಡದ ಎರಡು ಗುರುತು, ಅಷ್ಟೇ ಅದರ ವ್ಯಾಕರಣ. ಇವನ್ನೆಲ್ಲ ಗುರುತಿಸಲು ಬಂದದ್ದು ಅಂಥ ಕ್ಯಾಮೆರಾಗಳನ್ನು ಕೈಯಲ್ಲಿ ಹಿಡಿದು ಫಿಲ್ಮ್ ಹಾಳು ಮಾಡಿದ ಮೇಲೆ.

ಈ ಹವ್ಯಾಸಕ್ಕೆ ನಮ್ಮ ಸೀಮೆಯ ಹವೆಯೂ ಅನುಕೂಲವಾಗಿದೆ ಎಂಬುದು ಒಂದು ಪಕ್ಕದ ಮಾತು. ಮಲೆನಾಡು, ಕರಾವಳಿಗಳಲ್ಲಿ ಮಸೂರಗಳ ಒಳಗೆ ಬೂಷ್ಟು ಬೆಳೆದು ಜೇಡರಬಲೆಯಂತೆ ಹಬ್ಬುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಗದಗಿನಲ್ಲಿ ಆ ಕಾಟ ಕಡಿಮೆ. ಇಲ್ಲಿಯ ಶತ್ರು ಎರೆಯ ಧೂಳು, ಮತ್ತು ಕಪ್ಪತಗುಡ್ಡದ ಕಡೆಯಿಂದ ಬೀಸಿ ಮೂರುಗಾಲಿನ ಸ್ಟ್ಯಾಂಡನ್ನು ನಡುಗಿಸುವ ಗಾಳಿ. ಫಿಲ್ಮಿನ ಕೊರತೆ ಬೇರೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ ಇಂದು ಹೆಸರಿನ ಅಗ್ಗದ ಫಿಲ್ಮ್ ಒದಗಿಸುತ್ತಿದ್ದ ದಿನಗಳು ಹೋದವು. ಈಗ ವಿದೇಶದ ಸುರುಳಿಯನ್ನು ದುಬಾರಿ ಬೆಲೆಗೆ ತರಿಸಬೇಕು. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರದ ಗುರುತಿನ ಚೀಟಿ ತಂದಿತು; ಪಾಸ್‌ಪೋರ್ಟ್ ಗಾತ್ರದ ಪಟ ಎಲ್ಲರಿಗೂ ಬೇಕಾಗಿ ಸ್ಟುಡಿಯೋಗಳು ಕೆಲಕಾಲ ಉಸಿರಾಡಿದವು. ಡಿಜಿಟಲ್ ಬಂದ ಮೇಲೆ ಕತ್ತಲಕೋಣೆಗಳು ಗಣಕಯಂತ್ರದ ಕೋಣೆಗಳಾದವು.

ಹೆಚ್ಚಿನ ಆತಂಕ ಬೇರೊಂದಿದೆ. ಯಂತ್ರಗಳಿಗೆ ಸಂಗ್ರಾಹಕರಿದ್ದಾರೆ. ಚರ್ಮದ ತಿದಿಯ ಸಾಗುವಾನಿ ಕ್ಯಾಮೆರಾಗಳು, ಹಿತ್ತಾಳೆಯ ಮಸೂರಗಳು ಗುಜರಿಯಿಂದ ಎದ್ದು ದೊಡ್ಡ ನಗರಗಳ ಹೋಟೆಲುಗಳಲ್ಲಿ ಅಲಂಕಾರಕ್ಕೆ ನಿಂತಿವೆ. ಆ ಯಂತ್ರಗಳಿಂದ ಹುಟ್ಟಿದ ನೆಗೆಟಿವ್‌ಗಳಿಗೆ ಯಾರೂ ಇಲ್ಲ. ಸ್ಟುಡಿಯೋ ಮುಚ್ಚಿದಾಗ ಗಾಜಿನ ಫಲಕಗಳನ್ನು ಬಿಸಿನೀರಿನಲ್ಲಿ ತಿಕ್ಕಿ ಪಟದ ಗಾಜಾಗಿ ಬಳಸಿದ್ದುಂಟು. ಫಿಲ್ಮುಗಳನ್ನು ಅವುಗಳಲ್ಲಿನ ಅಷ್ಟಿಷ್ಟು ಬೆಳ್ಳಿಗಾಗಿ ತೂಕದ ಲೆಕ್ಕದಲ್ಲಿ ಕೊಟ್ಟದ್ದುಂಟು. ನೆಗೆಟಿವ್ ಇದ್ದರೆ ಅದು ಆರ್ಥೋ ಫಿಲ್ಮೋ ಅಲ್ಲವೋ ಎಂಬುದನ್ನು ಅಂಚಿನ ಬರಹದಿಂದಲೇ ತಿಳಿಯಬಹುದು, ಮುಖಕ್ಕೆ ಪೆನ್ಸಿಲಿನಿಂದ ಎಷ್ಟು ಟಚಿಂಗ್ ಮಾಡಿದ್ದಾರೆಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಬಹುದು. ಗೋಡೆಯ ಮೇಲಿನ ಪಟದಲ್ಲಿ ಇವೆರಡೂ ಮುಚ್ಚಿಹೋಗಿರುತ್ತವೆ. ತೊಳೆಯುವುದು, ಟಚಿಂಗ್, ಕಾಪಿ ತೆಗೆಯುವುದು ಮೊದಲಾದ ಕಸುಬಿನ ಮಾತುಗಳನ್ನು ಕುಂಬಾರಿಕೆ, ನೇಕಾರಿಕೆಗಳ ಪದಗಳಂತೆ ಸಂಗ್ರಹಿಸುವ ಕೆಲಸವನ್ನೂ ಜಾನಪದ ಅಧ್ಯಯನ ಕೈಗೆತ್ತಿಕೊಂಡಿಲ್ಲ; ಯಂತ್ರದ ಕಸುಬು ಜಾನಪದವಲ್ಲವೆಂಬ ಹಳೆಯ ಸಂಕೋಚ ಇದಕ್ಕೆ ಕಾರಣವಿದ್ದೀತು.

ಬೆಟಗೇರಿಯ ಆ ಮನೆಗೆ ಈಚೆಗೆ ಮತ್ತೆ ಹೋಗಿದ್ದೆ. ಪಟದಲ್ಲಿನ ವಧುವಿನ ಮೊಮ್ಮಗಳು ಟ್ರಂಕಿನ ತಳದಿಂದ ಒಂದು ಸೀರೆಯ ತುಂಡು ತೆಗೆದು ತೋರಿಸಿದರು. ಮೊದಲ ಭೇಟಿಯಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ. ಮಡಿಕೆಗಳಲ್ಲಿ ಜೀರ್ಣವಾಗಿತ್ತು, ಬಣ್ಣ ಮಾಸಿತ್ತು. ಆದರೂ ಕೆಂಪು ಎಂದು ಹೇಳಲು ಅಡ್ಡಿಯಿರಲಿಲ್ಲ.