ಗೌಜಲಕ್ಕಿ, ಬೇಟೆನಾಯಿ ಮತ್ತು ಸೀಸದ ಚರೆ



ನಮ್ಮ ಮಂಡ್ಯ ಸೀಮೆಯ ಬೇಟೆಯ ಇತಿಹಾಸವನ್ನು ಬರೆಯಹೊರಟವರು ಮೊದಲು ಒಂದು ನಾಯಿಯನ್ನು ನೆನೆಯಬೇಕಾಗುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ತಕ್ಕೋಲದ ಯುದ್ಧಕಾಲದ ವೀರನಾದ ಮಣಲೆರನು, ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಈ ನಾಯಿಯನ್ನೇ ಬೇಡಿ ಪಡೆದನು. ಮುಂದೆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ನಾಯಿ, ಹಂದಿ ಎರಡೂ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಬೇಟೆನಾಯಿಗೆ ಎಂತಹ ಬೆಲೆಯಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂದಿನ ವಿಷಯ ಅಷ್ಟು ಹಳೆಯದಲ್ಲ. ನಾಗಮಂಗಲದ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬರು, ಅಟ್ಟದ ಮೇಲೆ ಸಿಕ್ಕಿದ ಖಾಲಿ ತೋಟಾವೊಂದರ ಚಿತ್ರವನ್ನು ಕಳುಹಿಸಿ, ಅದರ ಮೇಲಿರುವ 12 ಮತ್ತು 6 ಎಂಬ ಅಂಕಿಗಳ ಅರ್ಥವೇನೆಂದು ಕೇಳಿದ್ದರು. ಆ ಎರಡು ಅಂಕಿಗಳನ್ನು ಬಿಡಿಸುವುದೆಂದರೆ ಒಂದು ಮರೆಯಾದ ಬದುಕನ್ನೇ ಬಿಡಿಸಿದಂತೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಕೋವಿ, ಮದ್ದು ಹೊಸತಲ್ಲ. ಶ್ರೀರಂಗಪಟ್ಟಣದ ಮದ್ದಿನಮನೆಗಳನ್ನು ನೀವೆಲ್ಲ ಕಂಡಿದ್ದೀರಿ. ಅವುಗಳಲ್ಲೊಂದನ್ನು 2017ರಲ್ಲಿ ಜೋಡಿ ರೈಲುಮಾರ್ಗಕ್ಕಾಗಿ ಇಡಿಯಾಗಿ ಸರಿಸಿದ್ದನ್ನೂ ಬಲ್ಲಿರಿ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಕಾರಣ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಾಯಿತು. 1799ರ ನಂತರ ಅಲ್ಲಿ ಬ್ರಿಟಿಷರ ದಂಡು ನೆಲೆಸಿತು. ಯುದ್ಧದ ಕೋವಿಗೆ ಒಂದೇ ದೊಡ್ಡ ಗುಂಡು. ಹಕ್ಕಿಯ ಕೋವಿಗೆ ನೂರಾರು ಸಣ್ಣ ಚರೆ. ಈ ವ್ಯತ್ಯಾಸದಿಂದಲೇ ಆಯ್ಕೆಯ ಪ್ರಶ್ನೆ ಹುಟ್ಟಿತು.

12 ಎಂಬುದು ನಳಿಗೆಯ ಅಳತೆ. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ಸೀಸವನ್ನು 12 ಸಮ ಉಂಡೆಗಳನ್ನಾಗಿ ಮಾಡಿದರೆ, ಒಂದೊಂದು ಉಂಡೆಯ ಅಡ್ಡಳತೆ ನಳಿಗೆಯ ಒಳ ಅಗಲಕ್ಕೆ ಸಮ. 16 ಉಂಡೆ ಮಾಡಿದರೆ ಉಂಡೆ ಕಿರಿದು. ಆದ್ದರಿಂದ 16ರ ಕೋವಿಯ ನಳಿಗೆಯೂ ಕಿರಿದು. 6 ಎಂಬುದು ಚರೆಯ ನಂಬರು. ಇಲ್ಲಿಯೂ ಲೆಕ್ಕ ತಲೆಕೆಳಗು: ನಂಬರು ಹೆಚ್ಚಿದಂತೆ ಚರೆ ಸಣ್ಣದು. ಇಂಗ್ಲಿಷರ ಪದ್ಧತಿಯಲ್ಲಿ 6ನೆಯ ನಂಬರಿನ ಚರೆ ಸುಮಾರು 2.6 ಮಿ.ಮೀ., 8ನೆಯದು ಸುಮಾರು 2.2 ಮಿ.ಮೀ. ಒಂದು ಔನ್ಸಿಗೆ ಮೊದಲನೆಯದು 270ರಷ್ಟು, ಎರಡನೆಯದು 450ರಷ್ಟು ಬರುತ್ತವೆ. ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ನೀರಿಗೆ ಬೀಳಿಸಿ, ಬೀಳುವಾಗಲೇ ಅದು ದುಂಡಗಾಗುವಂತೆ ಮಾಡುವ ಉಪಾಯಕ್ಕೆ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದನು.

ಯಾವ ಹಕ್ಕಿಗೆ ಯಾವ ಚರೆ ಎಂಬುದು ಹಕ್ಕಿಯ ಸ್ವಭಾವವನ್ನು ಅವಲಂಬಿಸಿತ್ತು. ಲಾವುಗೆ ಕಾಲಬುಡದಲ್ಲೇ ಬುರ್ರೆಂದು ಏಳುತ್ತದೆ, ಮೈ ಅಂಗೈಯಷ್ಟು. ಅದಕ್ಕೆ ಸಣ್ಣ ಚರೆಯೇ ಸಾಕು. ದಪ್ಪ ಚರೆಗಳ ಸಂಖ್ಯೆ ಕಡಿಮೆಯಾದ್ದರಿಂದ ಅವುಗಳ ನಡುವಿನಿಂದಲೇ ಅದು ಪಾರಾಗಬಹುದು. ಗೌಜಲಕ್ಕಿ ಹಾಗಲ್ಲ. ಹೊಲದ ಬದುವಿನಲ್ಲಿ, ಕಳ್ಳಿಬೇಲಿಯ ಮರೆಯಲ್ಲಿ ಓಡುವುದರಲ್ಲೇ ಅದಕ್ಕೆ ನಂಬಿಕೆ. ಬೇರೆ ದಾರಿಯಿಲ್ಲದಾಗ ಮಾತ್ರ ಹಾರುತ್ತದೆ. ದೂರದಲ್ಲಿ ಎದ್ದರೆ ಸಣ್ಣ ಚರೆಯ ಕಸುವು ಅಷ್ಟರಲ್ಲಿ ಕುಂದಿರುತ್ತದೆ. ಆದ್ದರಿಂದ 6ನೆಯ ನಂಬರು.

ಇಲ್ಲಿಯೇ ನಾಯಿಯ ಪಾತ್ರ. ದಂಡಿನ ಸಾಹೇಬರು ಮೆಚ್ಚಿದ ಪಾಯಿಂಟರ್ ಜಾತಿಯದು ಹಕ್ಕಿಯ ವಾಸನೆ ಸಿಕ್ಕೊಡನೆ ಒಂದು ಕಾಲೆತ್ತಿ ಕಲ್ಲಿನಂತೆ ನಿಲ್ಲುತ್ತದೆ. ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಎಬ್ಬಿಸುತ್ತದೆ. ನಮ್ಮ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವಂಥದು; ಮೊಲದ ಹಿಂದೆ ಓಡುವುದೇ ಅದರ ವಿದ್ಯೆ. ಹಕ್ಕಿಯನ್ನು ಹತ್ತಿರದಲ್ಲೇ ಎಬ್ಬಿಸುವ ನಾಯಿಯಿದ್ದರೆ ಸಣ್ಣ ಚರೆ ಸಾಕು, ನಾಯಿ ಅವಸರದ್ದಾದರೆ ದಪ್ಪ ಚರೆ ಬೇಕು. ನಾಯಿಯ ಇನ್ನೊಂದು ಕೆಲಸ, ಗಾಯಗೊಂಡು ಬಿದ್ದದ್ದನ್ನು ಹುಡುಕುವುದು. ರೆಕ್ಕೆ ಮುರಿದ ಗೌಜಲಕ್ಕಿ ಓಡಿ ಪೊದೆ ಸೇರಿದರೆ ಮನುಷ್ಯನಿಗೆ ಸಿಗುವುದು ದುರ್ಲಭ. ನಾಯಿಯಿಲ್ಲದ ಬೇಟೆಗಾರನ ಲೆಕ್ಕದಲ್ಲಿ ಚೀಲಕ್ಕೆ ಬಿದ್ದ ಹಕ್ಕಿಗಳು ಮಾತ್ರ ಇರುತ್ತವೆ. ಪೊದೆಯೊಳಗೆ ಎರಡು ದಿನ ನರಳಿ ಸತ್ತವುಗಳು ಇರುವುದಿಲ್ಲ. ಚರೆಯ ಆಯ್ಕೆಯು ಮೂಲತಃ ಕರುಣೆಯ ಪ್ರಶ್ನೆಯೆಂದು ನಾನು ಹೇಳುವುದು ಇದಕ್ಕಾಗಿ. ಆದರೆ ಕೇಪಿನ ಕೋವಿಗೆ ಮದ್ದು ತುಂಬಿ, ಕೈಗೆ ಸಿಕ್ಕಿದ ಚರೆಯನ್ನು ಸುರಿದು, ತೆಂಗಿನ ನಾರಿನಿಂದ ಗಿಡಿದು ಹೊರಡುತ್ತಿದ್ದ ಬಡ ರೈತನಿಗೆ ಇಂತಹ ಆಯ್ಕೆಯ ಸೌಕರ್ಯ ಎಲ್ಲಿತ್ತು?

ಕಾಲ ಬದಲಾಯಿತು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಲು ಪರವಾನಗಿಯ ಬೇಟೆಗೆ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. 1974ರಲ್ಲಿ ಮೇಲುಕೋಟೆ ವನ್ಯಧಾಮ, 1981ರಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಧಾಮ ಬಂದವು. ಇಂದು ಗೌಜಲಕ್ಕಿಗೆ ಗುರಿಯಿಡುವುದು ಅಪರಾಧ.

ಹೊರದೇಶಗಳಲ್ಲಿ ಪ್ರಶ್ನೆ ಬೇರೆ ದಾರಿ ಹಿಡಿಯಿತು. ಕಾಳನ್ನು ಅರೆಯಲೆಂದು ಹಕ್ಕಿಗಳು ಸಣ್ಣ ಕಲ್ಲುಗಳನ್ನು ನುಂಗುತ್ತವೆ. ನೆಲದಲ್ಲಿ ಬಿದ್ದ ಚರೆಯನ್ನೂ ಕಲ್ಲೆಂದು ನುಂಗಿ ಸೀಸದ ವಿಷದಿಂದ ಸಾಯುತ್ತವೆ. ಆದ್ದರಿಂದ ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸವನ್ನು ನಿಷೇಧಿಸಿತು. ಯೂರೋಪಿನ ಒಕ್ಕೂಟದ ಜೌಗುನೆಲಗಳಲ್ಲಿ 2023ರಿಂದ ನಿಷೇಧವಿದೆ. ಬದಲಿಗೆ ಬಂದ ಉಕ್ಕು ಸೀಸಕ್ಕಿಂತ ಹಗುರ. ಹೀಗಾಗಿ ಅದೇ ಹಕ್ಕಿಗೆ ಇನ್ನೂ ದಪ್ಪ ಚರೆ ಬೇಕಾಗುತ್ತದೆ. ಗುರಿತಪ್ಪಿದ ಚರೆಯೂ ಕೊಲ್ಲಬಲ್ಲದೆಂದು ಹಳೆಯ ಬೇಟೆಗಾರರು ಅರಿತಿರಲಿಲ್ಲ.

ಅಟ್ಟದ ತೋಟಾವನ್ನು ಕಳುಹಿಸಿದ ಮಿತ್ರರಿಗೆ ಒಂದು ಮಾತು. ಖಾಲಿಯದನ್ನು ನೆನಪಿಗೆ ಇಟ್ಟುಕೊಳ್ಳಿ. ತುಂಬಿದ್ದು ಸಿಕ್ಕರೆ ಮಕ್ಕಳ ಕೈಗೆ ಕೊಡದೆ, ಬೆಂಕಿಯ ಬಳಿ ಇಡದೆ, ಠಾಣೆಗೆ ತಿಳಿಸಿ. ಬೆಳಿಗ್ಗೆ ಬೇಗನೆ ಎದ್ದು ನಿಮ್ಮ ಹೊಲದ ಬದುವಿಗೆ ಹೋಗಿ ನಿಲ್ಲಿ. ಗೌಜಲಕ್ಕಿ ಈಗಲೂ ಕೂಗುತ್ತದೆಯೇ ಎಂದು ನನಗೆ ಬರೆಯಿರಿ.