ಎಡ್ಜ್‌ವುಡ್ ಶಾಲೆಗಳ ಲೆಕ್ಕ



ದೂರದರ್ಶನದ ಪರದೆಯ ಮೇಲೆ ಅಂಕಿಗಳು ನಿಲ್ಲುವುದಿಲ್ಲ. ಎರಡು ಕ್ಷಣ ಕಾಣಿಸಿ ಮಾಯವಾಗುತ್ತವೆ; ನೋಡುವವರು ಮಾತಿನ ಎಳೆ ಹಿಡಿದು ಮುಂದೆ ಹೋಗಿಬಿಡುತ್ತಾರೆ. ಆದರೆ ಕೆಲವು ಚರಿತ್ರೆಗಳು ಅಂಕಿಗಳನ್ನು ಬಿಟ್ಟರೆ ಅರ್ಥವೇ ಆಗುವುದಿಲ್ಲ. ಅಂಥದ್ದೊಂದನ್ನು ಇಲ್ಲಿ ಅಚ್ಚಿನಲ್ಲಿ ಹೇಳುತ್ತಿದ್ದೇನೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲು ಇಟ್ಟುಕೊಳ್ಳಿ. ಗುಣಾಕಾರ ಭಾಗಾಕಾರಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

1968ರ ಮೇ 16ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ, ಎಡ್ಜ್‌ವುಡ್ ಪ್ರೌಢಶಾಲೆಯ ಸುಮಾರು 400 ಮಂದಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಶಾಲಾ ಆಡಳಿತ ಕಚೇರಿಗೆ ಮೆರವಣಿಗೆ ಹೋದರು. ಪರೀಕ್ಷೆ ಮುಂದಕ್ಕೆ ಹಾಕಿ ಎಂದು ಕೇಳಲು ಅಲ್ಲ. ಅವರ ದೂರು ಬೇರೆಯೇ ಇತ್ತು: ಕಿಟಕಿಯ ಗಾಜುಗಳು ಒಡೆದಿವೆ, ಶೌಚಾಲಯಗಳು ಹಾಳುಬಿದ್ದಿವೆ, ಪಾಠದ ಸಲಕರಣೆಗಳಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ, ಪಾಠ ಹೇಳಲು ಅರ್ಹತೆ ಪಡೆದ ಉಪಾಧ್ಯಾಯರು ಸಾಕಷ್ಟಿಲ್ಲ. ವಿದ್ಯಾರ್ಥಿಗಳು ಒಳ್ಳೆಯ ಮೇಷ್ಟರು ಬೇಕೆಂದು ಮುಷ್ಕರ ಹೂಡಿದ್ದು ಚರಿತ್ರೆಯಲ್ಲಿ ಅಪರೂಪ. ಆದ್ದರಿಂದಲೇ ಈ ಪ್ರಸಂಗ ನನ್ನ ಗಮನ ಸೆಳೆಯಿತು.

ಮಕ್ಕಳ ಹಿಂದೆ ತಂದೆತಾಯಿಗಳೂ ಎದ್ದರು. ಅವರಲ್ಲಿ ಡೆಮೆಟ್ರಿಯೋ ರೊಡ್ರಿಗೆಜ್ ಒಬ್ಬರು. ಮೆಕ್ಸಿಕನ್ ಮೂಲದವರು, ಸೈನ್ಯದಲ್ಲಿ ದುಡಿದು ಬಂದವರು, ಊರಿನ ಕೆಲ್ಲಿ ವಾಯುನೆಲೆಯಲ್ಲಿ ಲೋಹದ ತಗಡಿನ ಕೆಲಸಗಾರರಾಗಿದ್ದವರು. ಅವರ ಮಕ್ಕಳು ಓದುತ್ತಿದ್ದ ಪ್ರಾಥಮಿಕ ಶಾಲೆಯ ಮೇಲಂತಸ್ತು ಬಳಕೆಗೆ ಬಾರದಷ್ಟು ಶಿಥಿಲವಾಗಿತ್ತು. ಅಲ್ಲಿ ಬಾವಲಿಗಳು ಮನೆ ಮಾಡಿಕೊಂಡಿದ್ದವು. ಶಾಲೆಯ ಹಣವನ್ನು ಅಧಿಕಾರಿಗಳು ಯಾರೋ ನುಂಗುತ್ತಿದ್ದಾರೆ ಎಂಬುದೇ ಪೋಷಕರ ಮೊದಲ ಅನುಮಾನ. ನಿಮಗೂ ಹಾಗೆಯೇ ಅನ್ನಿಸಿರಬೇಕು. ಅವರು ಆರ್ಥರ್ ಗಾಕ್‌ಮನ್ ಎಂಬ ವಕೀಲರ ಬಳಿ ಹೋದಾಗ, ಆತ ಹೇಳಿದ ಮಾತು ಅವರನ್ನು ಚಕಿತಗೊಳಿಸಿತು. ದೋಷ ಇರುವುದು ಸ್ಥಳೀಯ ಅಧಿಕಾರಿಗಳ ಜೇಬಿನಲ್ಲಲ್ಲ, ರಾಜ್ಯವು ಶಾಲೆಗಳಿಗೆ ಹಣ ಒದಗಿಸುವ ಪದ್ಧತಿಯಲ್ಲಿಯೇ ಎಂದು ಆತ ವಿವರಿಸಿದರು.

ಆ ಪದ್ಧತಿ ಏನು? ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಬಹುಮಟ್ಟಿಗೆ 'ಶಾಲಾ ಜಿಲ್ಲೆ' ಎಂಬ ಘಟಕ. ಹೆಸರು ಕೇಳಿ ನಮ್ಮ ತುಮಕೂರು, ಧಾರವಾಡ ಜಿಲ್ಲೆಗಳಷ್ಟು ದೊಡ್ಡದೆಂದುಕೊಳ್ಳಬೇಡಿ. ಸ್ಯಾನ್ ಆಂಟೋನಿಯೋ ಮಹಾನಗರ ಪ್ರದೇಶ ಒಂದರಲ್ಲೇ ಆಗ ಏಳು ಶಾಲಾ ಜಿಲ್ಲೆಗಳಿದ್ದವು. ಪ್ರತಿಯೊಂದಕ್ಕೂ ಚುನಾಯಿತ ಮಂಡಳಿ. ಆ ಮಂಡಳಿಗೆ ತನ್ನ ಗಡಿಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ಕಂದಾಯ ಹಾಕುವ ಅಧಿಕಾರ. ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟರಿಗೆ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಅವರು ಬಡ ಹಳ್ಳಿಯಲ್ಲಿರಲಿ, ಪೇಟೆಯಲ್ಲಿರಲಿ, ಮೂಲವೇತನದ ಶ್ರೇಣಿ ಒಂದೇ. ಅಲ್ಲಿ ಹಾಗಲ್ಲ. ಊರಿನ ಗೋಡೆಗಳ ಬೆಲೆ ಎಷ್ಟೋ, ಶಾಲೆಯ ಭಾಗ್ಯ ಅಷ್ಟು.

ಈಗ ಪೆನ್ಸಿಲು ತೆಗೆದುಕೊಳ್ಳಿ. ಎರಡು ಶಾಲಾ ಜಿಲ್ಲೆಗಳನ್ನು ಹೋಲಿಸೋಣ. ಎರಡೂ ಒಂದೇ ನಗರದವು, 1967-68ರ ಶಾಲಾ ವರ್ಷದವು. ಎಡ್ಜ್‌ವುಡ್‌ನಲ್ಲಿ 25 ಶಾಲೆಗಳು, ಸುಮಾರು 22,000 ಮಕ್ಕಳು. ಅವರಲ್ಲಿ ಶೇಕಡ 90ರಷ್ಟು ಮೆಕ್ಸಿಕನ್ ಮೂಲದವರು, ಶೇಕಡ 6ಕ್ಕಿಂತ ಸ್ವಲ್ಪ ಹೆಚ್ಚು ಕಪ್ಪು ಜನರ ಮಕ್ಕಳು. ಕುಟುಂಬಗಳ ವಾರ್ಷಿಕ ಆದಾಯದ ಮಧ್ಯಾಂಕ 4,686 ಡಾಲರ್. ಕಾರ್ಖಾನೆ, ವ್ಯಾಪಾರ ಮಳಿಗೆಗಳು ಅತಿ ಕಡಿಮೆ. ಅಲಮೋ ಹೈಟ್ಸ್‌ನಲ್ಲಿ 6 ಶಾಲೆಗಳು, 5,000 ಚಿಲ್ಲರೆ ಮಕ್ಕಳು. ಬಹುಪಾಲು ಬಿಳಿಯರು, ಮೆಕ್ಸಿಕನ್ ಮೂಲದವರು ಶೇಕಡ 18, ಕಪ್ಪು ಮಕ್ಕಳು ಶೇಕಡ 1ಕ್ಕೂ ಕಡಿಮೆ. ಆದಾಯದ ಮಧ್ಯಾಂಕ 8,000 ಡಾಲರ್‌ಗೂ ಮೇಲು.

ಕಂದಾಯಕ್ಕೆ ಒಳಪಟ್ಟ ಆಸ್ತಿಯ ಬೆಲೆಯನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ, ಎಡ್ಜ್‌ವುಡ್‌ನಲ್ಲಿ ಪ್ರತಿ ಮಗುವಿಗೆ 5,960 ಡಾಲರ್, ಅಲಮೋ ಹೈಟ್ಸ್‌ನಲ್ಲಿ 49,000ಕ್ಕೂ ಹೆಚ್ಚು. ಎಂಟು ಪಟ್ಟು! ಇನ್ನು ಕಂದಾಯದ ದರ ನೋಡಿ. ಬಡ ಎಡ್ಜ್‌ವುಡ್‌ನವರು 100 ಡಾಲರ್ ಆಸ್ತಿಗೆ 1 ಡಾಲರ್ 5 ಸೆಂಟ್ ಕಟ್ಟುತ್ತಿದ್ದರು. ಸಿರಿವಂತ ಅಲಮೋ ಹೈಟ್ಸ್‌ನವರು 85 ಸೆಂಟ್ ಮಾತ್ರ. ಹೆಚ್ಚು ದರದಲ್ಲಿ ಕೊಟ್ಟವರಿಗೆ ಹೆಚ್ಚು ಬಂತೇ? ರಾಜ್ಯದ ಯೋಜನೆಗೆ ಸಲ್ಲಬೇಕಾದ ಸ್ಥಳೀಯ ಪಾಲನ್ನು ಬಿಟ್ಟು, ತಮ್ಮ ಪ್ರತಿ ಮಗುವಿಗೆಂದು ಎಡ್ಜ್‌ವುಡ್ ಹಾಕಿದ್ದು 26 ಡಾಲರ್. ಅಲಮೋ ಹೈಟ್ಸ್ ಹಾಕಿದ್ದು 333 ಡಾಲರ್.

ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದಲ್ಲಿ ಒಂದನ್ನು ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡಬೇಕೆಂದು ನಮಗೆ ಕಲಿಸಿದ್ದರು. ಇಲ್ಲಿ ನಗರ ಒಂದೇ, ರಾಜ್ಯ ಒಂದೇ, ಕಾನೂನು ಒಂದೇ, ಬೇರೆಯಾದದ್ದು ಮನೆಯ ವಿಳಾಸ.

'ಎಡ್ಜ್‌ವುಡ್‌ನವರು ದರವನ್ನು ಇನ್ನೂ ಏರಿಸಬಹುದಿತ್ತಲ್ಲ' ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆ ಪ್ರದೇಶದ ಅತಿ ಹೆಚ್ಚಿನ ವರಮಾನದ ಜಿಲ್ಲೆಗೆ ಸರಿಸಮ ಹಣ ಎತ್ತಲು ಅಲಮೋ ಹೈಟ್ಸ್‌ಗೆ 68 ಸೆಂಟ್ ದರ ಸಾಕಾಗುತ್ತಿತ್ತು. ಎಡ್ಜ್‌ವುಡ್‌ಗೆ 5 ಡಾಲರ್ 76 ಸೆಂಟ್ ಬೇಕಾಗುತ್ತಿತ್ತು. ಆದರೆ ಶಾಲೆಗಳ ನಿರ್ವಹಣೆಗಾಗಿ 1 ಡಾಲರ್ 50 ಸೆಂಟಿಗಿಂತ ಹೆಚ್ಚು ಕಂದಾಯ ಹಾಕಕೂಡದೆಂದು ಟೆಕ್ಸಾಸಿನ ಕಾನೂನೇ ಮಿತಿ ಇಟ್ಟಿತ್ತು. ಬಡವರು ಬೆವರು ಸುರಿಸಿ ಮೇಲೇರಲು ಹೊರಟರೂ ಏಣಿಯ ಮೂರನೆಯ ಮೆಟ್ಟಿಲಿಗೇ ಸೂರು ಅಡ್ಡ!

ರಾಜ್ಯ ಸುಮ್ಮನೆ ಕುಳಿತಿರಲಿಲ್ಲ ಎನ್ನಬೇಕು. 1949ರಿಂದ ಅಲ್ಲಿ ಒಂದು ಬುನಾದಿ ಯೋಜನೆ ಇತ್ತು. ಅದರಿಂದ ಎಡ್ಜ್‌ವುಡ್‌ಗೆ ಮಗುವೊಂದಕ್ಕೆ 222 ಡಾಲರ್ ಬಂತು. ಅಲಮೋ ಹೈಟ್ಸ್‌ಗೆ? 225. ಬಡವರಿಗಿಂತ ಮೂರು ಡಾಲರ್ ಹೆಚ್ಚು! ಇದು ಅಚ್ಚಿನ ತಪ್ಪಲ್ಲ. ಯೋಜನೆಯ ಹಣದ ದೊಡ್ಡ ಭಾಗ ಉಪಾಧ್ಯಾಯರ ಸಂಬಳಕ್ಕೆ ಹೋಗುತ್ತಿತ್ತು. ಹೆಚ್ಚು ಓದಿದ, ಹೆಚ್ಚು ಅನುಭವವಿದ್ದ ಉಪಾಧ್ಯಾಯರಿಗೆ ಹೆಚ್ಚು ಸಂಬಳ. ಅಂಥವರನ್ನು ಸೆಳೆಯಬಲ್ಲ ಜಿಲ್ಲೆ ಯಾವುದು? ಈಗಾಗಲೇ ಹಣವಿದ್ದದ್ದು. ಹೀಗೆ ರಾಜ್ಯದ ನೆರವೂ ಒಳ್ಳೆಯ ಮೇಷ್ಟರ ಹಿಂದೆ ಸಿರಿವಂತರ ಬಡಾವಣೆಗೇ ನಡೆಯಿತು. 1970-71ರ ವೇಳೆಗೆ ಈ ಯೋಜನೆಯ ಮೊತ್ತ ಎಡ್ಜ್‌ವುಡ್‌ಗೆ 356, ಅಲಮೋ ಹೈಟ್ಸ್‌ಗೆ 491 ಡಾಲರ್ ಆಯಿತು.

ತರಗತಿಯೊಳಗೆ ಇದರ ಪರಿಣಾಮವನ್ನೂ ಅಳೆದಿದ್ದಾರೆ. ಎಡ್ಜ್‌ವುಡ್‌ನಲ್ಲಿ 22,862 ಮಕ್ಕಳಿಗೆ 864 ಉಪಾಧ್ಯಾಯರು. ನೀವೇ ಭಾಗಿಸಿ, 26.5 ಬರುತ್ತದೆ. ಅಲಮೋ ಹೈಟ್ಸ್‌ನಲ್ಲಿ 5,432ಕ್ಕೆ 265, ಅಂದರೆ 20.5. ನಮ್ಮ ಕಿಕ್ಕಿರಿದ ತರಗತಿಗಳನ್ನು ಕಂಡವರಿಗೆ ಈ ಎರಡೂ ಸುಖವೆನಿಸಬಹುದು, ಅದು ಬೇರೆ ಮಾತು. ಮುಖ್ಯ ವ್ಯತ್ಯಾಸ ಎಣಿಕೆಯಲ್ಲಲ್ಲ, ಅರ್ಹತೆಯಲ್ಲಿ. 1968-69ರಲ್ಲಿ ಅಲಮೋ ಹೈಟ್ಸ್‌ನ ಎಲ್ಲ ಉಪಾಧ್ಯಾಯರೂ ಪದವೀಧರರು; ಎಡ್ಜ್‌ವುಡ್‌ನಲ್ಲಿ ಶೇಕಡ 80 ಮಾತ್ರ. ಪೂರ್ಣ ಅರ್ಹತೆ ಇಲ್ಲದೆ ತುರ್ತು ಪರವಾನಗಿಯ ಮೇಲೆ ಪಾಠ ಹೇಳುತ್ತಿದ್ದವರು ಅಲ್ಲಿ ಶೇಕಡ 11, ಇಲ್ಲಿ ಶೇಕಡ 47. ಎಡ್ಜ್‌ವುಡ್ ಕೊಡಬಹುದಾಗಿದ್ದ ಅತಿ ಹೆಚ್ಚಿನ ಸಂಬಳ ಅಲಮೋ ಹೈಟ್ಸ್‌ನದರ ಶೇಕಡ 80ರಷ್ಟು. ಮೆರವಣಿಗೆ ಹೊರಟ ಆ 400 ಮಂದಿಗೆ ಈ ಪಟ್ಟಿಗಳು ಗೊತ್ತಿದ್ದವೋ ಇಲ್ಲವೋ, ಪಾಠ ಕೇಳಿದ ಅನುಭವವಂತೂ ಇತ್ತು.

1968ರಲ್ಲಿಯೇ ರೊಡ್ರಿಗೆಜ್ ಮತ್ತು ಇತರ ಪೋಷಕರು ಫೆಡರಲ್ ನ್ಯಾಯಾಲಯಕ್ಕೆ ಹೋದರು. 1971ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠ ಅವರ ಪರವಾಗಿ ತೀರ್ಪಿತ್ತು, ಪದ್ಧತಿ ಬದಲಿಸಲು ರಾಜ್ಯಕ್ಕೆ ಎರಡು ವರ್ಷ ಕೊಟ್ಟಿತು. ರಾಜ್ಯ ಮೇಲ್ಮನವಿ ಸಲ್ಲಿಸಿತು. 1973ರ ಮಾರ್ಚ್ 21ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದ ಲೂಯಿಸ್ ಪೊವೆಲ್ ಸ್ವತಃ ಹಿಂದೆ ರಿಚ್‌ಮಂಡ್ ನಗರದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕೆಂದು ಎಲ್ಲಿಯೂ ಇಲ್ಲ. ಎಡ್ಜ್‌ವುಡ್‌ನ ಮಕ್ಕಳಿಗೆ ಶಿಕ್ಷಣವೇ ದೊರೆಯುತ್ತಿಲ್ಲ ಎಂಬ ಸ್ಥಿತಿಯೂ ಇಲ್ಲ. ಹಣ ಹೆಚ್ಚಾದರೆ ವಿದ್ಯೆ ಹೆಚ್ಚುತ್ತದೆಯೇ ಎಂಬುದು ತಜ್ಞರ ನಡುವೆಯೇ ವಿವಾದದ ವಿಷಯ. ಇವು ಅವರ ವಾದಗಳು. ಐವರಲ್ಲಿ ಒಬ್ಬರು, ಈ ಪದ್ಧತಿ ಅನ್ಯಾಯದ್ದು, ಆದರೂ ಸಂವಿಧಾನ ಅದನ್ನು ನಿಷೇಧಿಸುವುದಿಲ್ಲ ಎಂದು ಪ್ರತ್ಯೇಕವಾಗಿ ಬರೆದರು. ಕರಿಯ ಬಿಳಿಯ ಮಕ್ಕಳ ಪ್ರತ್ಯೇಕ ಶಾಲೆಗಳ ವಿರುದ್ಧ 1954ರಲ್ಲಿ ವಕೀಲರಾಗಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ನ್ಯಾಯಪೀಠದಲ್ಲಿದ್ದು, ದೀರ್ಘವಾದ ಭಿನ್ನಮತ ಬರೆದರು. ಉಪಾಧ್ಯಾಯರ ಅರ್ಹತೆಯ ಆ ಅಂಕಿಗಳು ಆ ಭಿನ್ನಮತದಲ್ಲಿವೆ.

ನನ್ನ ಮಟ್ಟಿಗೆ ಪೊವೆಲ್ ಅವರ ಮೂರನೆಯ ವಾದ ಒಪ್ಪತಕ್ಕದ್ದಲ್ಲ. ಹಣದಿಂದ ಪ್ರಯೋಜನವಿಲ್ಲವೆಂದಾದರೆ, ಅದನ್ನು ಹಂಚಿಕೊಳ್ಳಲು ಉಳ್ಳವರು ಅಷ್ಟೇಕೆ ಹಿಂಜರಿಯಬೇಕು? ಅಂದಹಾಗೆ, ಇದೇ ಪ್ರಶ್ನೆಗೆ ನಮ್ಮ ಸರ್ವೋಚ್ಚ ನ್ಯಾಯಾಲಯ ಬೇರೆ ಉತ್ತರ ಕೊಟ್ಟಿದೆ. ವೈದ್ಯಕೀಯ ಕಾಲೇಜಿನ ಶುಲ್ಕದ ಬಗ್ಗೆ ಕರ್ನಾಟಕ ಸರ್ಕಾರದ ವಿರುದ್ಧ ನಡೆದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ, 1992ರಲ್ಲಿ, ಶಿಕ್ಷಣ ಹಕ್ಕು ಎಂದಿತು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಅದನ್ನು 14 ವರ್ಷದವರೆಗೆ ಎಂದು ಮಿತಗೊಳಿಸಿತು. 2002ರ 86ನೆಯ ತಿದ್ದುಪಡಿ ಅದನ್ನು ಸಂವಿಧಾನದೊಳಕ್ಕೇ ಸೇರಿಸಿತು.

ಎಡ್ಜ್‌ವುಡ್‌ನವರು ಸೋತು ಕೈಕಟ್ಟಿ ಕೂರಲಿಲ್ಲ. ರಾಷ್ಟ್ರದ ಸಂವಿಧಾನದಲ್ಲಿ ಶಿಕ್ಷಣದ ಮಾತಿಲ್ಲದಿದ್ದರೇನು, ಟೆಕ್ಸಾಸ್ ರಾಜ್ಯಕ್ಕೆ ತನ್ನದೇ ಸಂವಿಧಾನವಿದೆ. ಅದರಲ್ಲಿ ಸಮರ್ಥ ಶಾಲಾ ವ್ಯವಸ್ಥೆ ರೂಪಿಸುವ ಹೊಣೆಯನ್ನು ಶಾಸಕಾಂಗಕ್ಕೆ ಹೊರಿಸಿದೆ. 1984ರಲ್ಲಿ ಈ ಆಧಾರದ ಮೇಲೆ ರಾಜ್ಯದ ನ್ಯಾಯಾಲಯದಲ್ಲಿ ಹೊಸ ದಾವೆ ಹೂಡಲಾಯಿತು. ಆ ಹೊತ್ತಿಗೆ ಅಂತರ ಕಡಿಮೆಯಾಗಿತ್ತೆಂದು ಊಹಿಸಿದಿರಾ? ಆ ದಾವೆಯ ದಾಖಲೆಯಂತೆ ಮಗುವೊಂದಕ್ಕೆ ಆಸ್ತಿಯ ಬೆಲೆ ಎಡ್ಜ್‌ವುಡ್‌ನಲ್ಲಿ 38,854 ಡಾಲರ್, ಅಲಮೋ ಹೈಟ್ಸ್‌ನಲ್ಲಿ 5,70,109. ಎಂಟು ಪಟ್ಟು ಇದ್ದದ್ದು ಹದಿನಾಲ್ಕು ಪಟ್ಟನ್ನೂ ಮೀರಿತ್ತು. 1989ರ ಅಕ್ಟೋಬರ್ 2ರಂದು ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ಮಂದಿ ಒಮ್ಮತದಿಂದ ಆ ಪದ್ಧತಿ ರಾಜ್ಯ ಸಂವಿಧಾನಕ್ಕೆ ವಿರುದ್ಧ ಎಂದರು.

ಮುಂದಿನ ನಾಲ್ಕು ವರ್ಷ ಶಾಸಕಾಂಗ ಕಾನೂನು ಮಾಡುವುದು, ನ್ಯಾಯಾಲಯ ತಳ್ಳಿಹಾಕುವುದು, ಹೀಗೇ ನಡೆಯಿತು. ಕೊನೆಗೆ 1993ರಲ್ಲಿ, ನಿಗದಿತ ಮಿತಿಗಿಂತ ಹೆಚ್ಚು ಆಸ್ತಿ ಇರುವ ಜಿಲ್ಲೆಗಳು ತಮ್ಮ ಹೆಚ್ಚುವರಿಯಲ್ಲಿ ಪಾಲು ಬಿಟ್ಟುಕೊಡಬೇಕೆಂಬ ಕಾನೂನು ಬಂತು. ಜನ ಅದನ್ನು 'ರಾಬಿನ್ ಹುಡ್' ಯೋಜನೆ ಎಂದು ಕರೆದರು. ಕೊಡುವವರು ವ್ಯಂಗ್ಯವಾಗಿ, ಪಡೆಯುವವರು ಸಂತೋಷವಾಗಿ. 1995ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಎಡ್ಜ್‌ವುಡ್‌ನ ಮಕ್ಕಳ ಸಂಖ್ಯೆ ಇಳಿಯತೊಡಗಿತ್ತು. 1998ರಲ್ಲಿ ಖಾಸಗಿ ದಾನಿಗಳು ಅಲ್ಲಿನ ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸಲು ಶುಲ್ಕದ ಚೀಟಿ ಹಂಚಿದರು. 2001ರಲ್ಲಿ ಕೆಲ್ಲಿ ವಾಯುನೆಲೆ ಮುಚ್ಚಿತು. ಟೆಕ್ಸಾಸಿನಲ್ಲಿ ರಾಜ್ಯದ ಹಣ ದೈನಂದಿನ ಹಾಜರಾತಿಯ ಸರಾಸರಿಯ ಮೇಲೆ ಬರುತ್ತದೆ; ಒಂದು ತರಗತಿಯಿಂದ ಐದು ಮಕ್ಕಳು ಬಿಟ್ಟುಹೋದರೆ ಐವರ ಹಣವೂ ಹೋಗುತ್ತದೆ, ಆದರೆ ಮೇಷ್ಟರ ಸಂಬಳ, ದೀಪದ ಖರ್ಚು, ಸೂರಿನ ದುರಸ್ತಿ ಹಾಗೆಯೇ ಉಳಿಯುತ್ತವೆ. ಡೆಮೆಟ್ರಿಯೋ ರೊಡ್ರಿಗೆಜ್ 2013ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಂದು ಕಾಲಕ್ಕೆ 22,862 ಮಕ್ಕಳಿದ್ದ ಎಡ್ಜ್‌ವುಡ್‌ನಲ್ಲಿ ಈಗ 10,000 ಮಕ್ಕಳೂ ಇಲ್ಲ.